ಮಲಾವಿಯಲ್ಲೊಂದು ಪಾಯಿಂಟ್

ಹೋದ ವರ್ಷ ಮಾರ್ಚ್ ತಿಂಗಳ ಎರಡನೇ ಶನಿವಾರ, ಹೊಸದುರ್ಗದ ಒಂದು ವೆಲ್ಡಿಂಗ್ ಶಾಪಿನ ಹಿಂದಿನ ಶೆಡ್ಡಿನಲ್ಲಿ ಸೇರಿದ್ದ ಏಳು ಜನ, ಆಫ್ರಿಕಾದ ಮಲಾವಿ ದೇಶದ ಒಂದು ಅನಾಥಾಲಯಕ್ಕೆ ಕೊಳವೆಬಾವಿ ಕೊರೆಸಿಕೊಡುವುದೆಂದು ತೀರ್ಮಾನಿಸಿದರು. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದವನು ನಾನು. ಏಳು ಜನರಲ್ಲಿ ಆರು ಮಂದಿ ಆ ದೇಶವನ್ನು ಕಂಡಿರಲಿಲ್ಲ.

ಕಂಡಿದ್ದವನು ಬಾಗೂರಿನ ಡ್ರಿಲ್ಲರ್. ರಿಗ್ ಲಾರಿಯ ಮೇಲೆ ಕೆಲಸ ಕಲಿತು, ಅರ್ಧ ಕರ್ನಾಟಕದಲ್ಲಿ ಬೋರ್ ಕೊರೆದು, ಕೊನೆಗೆ ಒಂದು ಕಂಪನಿಯ ಜೊತೆ ಮಲಾವಿಗೆ ಹೋಗಿ ಎರಡು ವರ್ಷ ಇದ್ದು ಬಂದಾತ. ಅಲ್ಲಿ ಅವರ ಕ್ಯಾಂಪಿನ ಪಕ್ಕದಲ್ಲೇ ಈ ಅನಾಥಾಲಯ ಇತ್ತು. ಮಕ್ಕಳು ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಂದುಕೊಡುತ್ತಿದ್ದರಂತೆ. "ನಮ್ದೇ ಮುದ್ದೆ ಸಾರ್, ಬೆಳ್ಳಗೈತೆ ಅಷ್ಟೇ. ಸೊಪ್ಪೂ ಹಂಗೇ ಬೇಯಿಸ್ತಾರೆ. ಖಾರ ಒಂದಿಲ್ಲ" ಎಂದು ಆತ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಊರಿಗೆ ಮರಳಿದ ಮೇಲೆ ವೆಲ್ಡಿಂಗ್ ಶಾಪಿನ ಮಾಲೀಕ, ಇಬ್ಬರು ಮೇಷ್ಟ್ರುಗಳು ಮತ್ತು ಇನ್ನಿಬ್ಬರು ಗೆಳೆಯರನ್ನು ಸೇರಿಸಿ ಒಂದು ಟ್ರಸ್ಟ್ ಮಾಡಿದ. ಪುಸ್ತಕ, ಸೋಲಾರ್ ದೀಪ, ಸೊಳ್ಳೆ ಪರದೆ ಇಂಥವುಗಳಿಂದ ಕೆಲಸ ಶುರುವಾಯಿತು. ಇಂಗ್ಲಿಷಿನಲ್ಲಿ ಪತ್ರ ಬರೆಯುವವರು ಬೇಕಿತ್ತು. ಹೊಳಲ್ಕೆರೆಯಿಂದ ನನ್ನನ್ನು ಕರೆದರು. ನಾನು ಆಗ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಸೇರಿದ ದಿನವೇ ಒಂದು ಮಾತು ಹೇಳಿದ್ದೆ: ನಾನೇ ಸದಸ್ಯನಾದ ಮೇಲೆ ಇದರ ಸುದ್ದಿ ನನ್ನ ಪತ್ರಿಕೆಯಲ್ಲಿ ಬರುವುದಿಲ್ಲ. "ಹಂಗಾದ್ರೆ ನಿಮ್ಮನ್ನ ಸೇರಿಸ್ಕಂಡು ಏನು ಬಂತು ಸಾರ್" ಎಂದು ವೆಲ್ಡಿಂಗ್ ಮಾಲೀಕ ನಕ್ಕಿದ್ದ.

ಕೊಳವೆಬಾವಿಯ ತೀರ್ಮಾನಕ್ಕೆ ಒಂದು ಪತ್ರ ಕಾರಣ. ಅನಾಥಾಲಯವನ್ನು ನಡೆಸುತ್ತಿದ್ದವರು ನಿವೃತ್ತ ನರ್ಸ್ ಒಬ್ಬರು. ಡ್ರಿಲ್ಲರ್ ಅವರನ್ನು ಅಕ್ಕ ಎನ್ನುತ್ತಿದ್ದ, ನಾವೂ ಹಾಗೇ ಕರೆದೆವು. ಅಕ್ಕ ಬರೆದಿದ್ದರು: ಅಲ್ಲಿನ ಜಿಲ್ಲಾ ಕಚೇರಿಯ ಹೊಸ ನಿಯಮದಂತೆ ಅನಾಥಾಲಯದ ಆವರಣದೊಳಗೇ ನೀರು ಇರಬೇಕು. ಸೆಪ್ಟೆಂಬರ್ ಕೊನೆಯೊಳಗೆ ಆಗದಿದ್ದರೆ ಹನ್ನೊಂದು ಹಿರಿಯ ಮಕ್ಕಳನ್ನು ದೂರದ ಎರಡು ಊರುಗಳ ಬೇರೆ ಆಶ್ರಮಗಳಿಗೆ ಹಂಚುತ್ತಾರೆ. ಆ ಹನ್ನೊಂದರಲ್ಲಿ ನಾಲ್ವರ ತಮ್ಮ-ತಂಗಿಯರೂ ಅದೇ ಮನೆಯಲ್ಲಿದ್ದಾರೆ. ಚಿಕ್ಕವರು ಅಲ್ಲೇ ಉಳಿಯುತ್ತಾರೆ. ಈಗ ನೀರು ತರುವವರು ಆ ಹನ್ನೊಂದರಲ್ಲಿನ ಹುಡುಗಿಯರೇ. ಬೆಳಗ್ಗೆ ದೂರದ ಹೊಳೆಗೆ ಹೋಗಿ ಬಂದು ಶಾಲೆಗೆ ಎರಡನೇ ಪಿರಿಯಡ್ಡಿಗೆ ಸೇರುತ್ತಾರೆ.

ಡ್ರಿಲ್ಲರ್‌ನ ಹಳೆಯ ಸಂಗಡಿಗರು ಇನ್ನೂ ಆ ಕಂಪನಿಯಲ್ಲಿದ್ದರು. ಜೂನ್ ತಿಂಗಳಲ್ಲಿ ಅವರ ರಿಗ್ ಆ ದಾರಿಯಲ್ಲಿ ಹಾದುಹೋಗುವುದಿತ್ತು. ಎರಡು ದಿನ ನಿಲ್ಲಿಸಿ ಕೂಲಿ ಇಲ್ಲದೆ ಕೊರೆದುಕೊಡಲು ಒಪ್ಪಿದರು. ಎರಡು ದಿನ, ಒಂದೇ ಬೋರ್. ಫೇಲಾದರೆ ಆ ವರ್ಷ ಮತ್ತೊಂದಿಲ್ಲ.

ಹಾಗಾಗಿ ಎಲ್ಲಿ ಕೊರೆಯಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಹಿಂದೆ ಯಾವುದೋ ಸಂಸ್ಥೆ ಆವರಣದೊಳಗೆ, ಅಡುಗೆಮನೆಯ ಪಕ್ಕ, ಒಂದು ಬೋರ್ ಕೊರೆಸಿ ನೀರು ಬಂದಿರಲಿಲ್ಲ. ಮುಚ್ಚಳ ಬಿಗಿದ ಆ ಪೈಪಿನ ಮೇಲೆ ಮಕ್ಕಳು ಕೂತು ಮುಸುಕಿನ ಜೋಳ ಸುಲಿಯುವ ಫೋಟೋ ನಮ್ಮ ಬಳಿ ಇತ್ತು. ನಮ್ಮ ಜಿಲ್ಲೆಯಲ್ಲಿ ಪಾಯಿಂಟ್ ನೋಡಿಸದೆ ಯಾರೂ ಬೋರ್ ಹಾಕಿಸುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಕಾಯಿ ಎದ್ದು ನಿಂತ ಕಡೆ ನೀರು ಎನ್ನುತ್ತಾರೆ. ಸಾವಿರ ಬೋರ್ ಕೊರೆದ ಡ್ರಿಲ್ಲರ್ ಕೂಡ, "ಕೊರಿಯಾದು ನಂದು, ತೋರ್ಸಾದು ನಂದಲ್ಲ" ಎಂದ. ಜವನಗೊಂಡನಹಳ್ಳಿ ಕಡೆಯ ಒಬ್ಬ ಅಜ್ಜನನ್ನು ಕರೆಸೋಣ ಎಂದು ಸೂಚಿಸಿದ್ದೂ ಆತನೇ. ಕುರಿ ಸಾಕುವ ಮನೆತನದವರು. ಪಾಯಿಂಟ್ ನೋಡಲು ಏನೂ ತೆಗೆದುಕೊಳ್ಳುವುದಿಲ್ಲ, ಎಲೆ ಅಡಿಕೆ ಬಿಟ್ಟು.

ನಾನು ಅವರ ಹಿಂದಿನ ಪಾಯಿಂಟ್‌ಗಳ ಬಗ್ಗೆ ಮೂರು ಊರುಗಳಲ್ಲಿ ವಿಚಾರಿಸಿದೆ. ಕೆಲವು ಬಂದಿದ್ದವು, ಕೆಲವು ಬಂದಿರಲಿಲ್ಲ. ಅಜ್ಜನನ್ನೇ ಕೇಳಿದಾಗ ಮುಚ್ಚಿಡಲಿಲ್ಲ. "ನಮ್ಮ ಹೊಲದಾಗೇ ಮೂರು ಫೇಲು. ಬರ್ಕಳ್ರಿ ಅದನ್ನೂವೆ."

ಏಪ್ರಿಲ್ ಎರಡನೇ ಶನಿವಾರ ಅಜ್ಜ ಹಿರಿಯೂರಿನಿಂದ ಬಸ್ಸಿನಲ್ಲಿ ಬಂದರು. ವಿಡಿಯೊ ಕರೆಯಲ್ಲಿ ಜಾಗ ತೋರಿಸುವುದು, ಅಜ್ಜ ನೋಡಿ ಹೇಳುವುದು ಎಂದು ಏರ್ಪಾಡಾಗಿತ್ತು. ಕಾಯಿ ಇರಬೇಕಾದ್ದು ನೀರಿರುವ ನೆಲದ ಮೇಲೆ ಎಂಬ ವಾದ ಬಂದು, ಹಿಂದಿನ ವಾರವೇ ಅಕ್ಕನಿಗೆ ಜುಟ್ಟಿರುವ ಒಂದು ತೆಂಗಿನಕಾಯಿ ತಂದಿಡಲು ನಾನು ಬರೆದಿದ್ದೆ. ಯಾಕೆ ಎಂದು ಬರೆದಿರಲಿಲ್ಲ. ಆ ಕಡೆ ತೆಂಗು ಅಪರೂಪ. ಸರೋವರದ ದಡದ ಊರಿನಿಂದ ತರಿಸಿದ್ದರು. ನಮ್ಮಲ್ಲಿ ಮಧ್ಯಾಹ್ನ, ಅಲ್ಲಿ ಬೆಳಗ್ಗೆ. ಅಕ್ಕ ಫೋನಿನಲ್ಲಿ ಕಾಣಿಸಿದ ಕೂಡಲೇ ಡ್ರಿಲ್ಲರ್ ಕೇಳಿದ್ದು ಕಾಯಿಯನ್ನು. ಅಕ್ಕ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ನೀವು ಮಕ್ಕಳಿಗೆ ಕೊಡಿಸಿದಿರಿ ಅಂದುಕೊಂಡೆ, ನಿನ್ನೆ ಒಡೆದು ಎಲ್ಲರಿಗೂ ಹಂಚಿದೆ.

ಮೊದಲು ನಕ್ಕವರು ಅಜ್ಜನೇ. "ತಿನ್ಲಿ ಬಿಡ್ರಪ್ಪ. ಅದು ಇರಾದೇ ಅದಕ್ಕೆ. ಆಯಮ್ಮಂಗೆ ಜಾಗ ತೋರ್ಸಕ್ಕೆ ಹೇಳ್ರಿ."

ಅಕ್ಕ ಫೋನ್ ಹಿಡಿದು ಆವರಣದಲ್ಲಿ ನಡೆದರು. ಪಶ್ಚಿಮದ ಮೂಲೆಯಲ್ಲಿ ಒಂದು ಮಾವಿನ ಮರ, ಅದರ ಬುಡದಲ್ಲಿ ಆಳೆತ್ತರದ ಹುತ್ತ. ಅಜ್ಜ ಮುಂದಕ್ಕೆ ಬಾಗಿದರು. "ನಿಲ್ಸ್ರಿ ಅಲ್ಲಿ. ಮರದ ಬುಡಕ್ಕೆ ಹುತ್ತ ಐತೆ. ಅಲ್ಲೇ." ನಮ್ಮ ಕಡೆ ಅದು ನೀರಿನ ಹಳೆಯ ಗುರುತು. ಜಾಗ ಬೇಲಿಯ ಒಳಗೇ ಇತ್ತು. ಡ್ರಿಲ್ಲರ್ ಟೇಬಲ್ ಗುದ್ದಿದ. ನಾನು ನಡಾವಳಿಯಲ್ಲಿ "ಪಾಯಿಂಟ್ ನಿಗದಿಯಾಯಿತು" ಎಂದು ಬರೆದೆ.

ಅಕ್ಕನಿಗೆ ಅದನ್ನು ತಿಳಿಸಿದಾಗ ಅವರು ಫೋನನ್ನು ಸುತ್ತ ತಿರುಗಿಸಿದರು. ಬೇಲಿಯಾಚೆ ಹುತ್ತ, ರಸ್ತೆ ಬದಿ ಹುತ್ತ, ಗುಡ್ಡದ ಮೇಲೆ ಸಾಲು ಹುತ್ತ. ಅದರಲ್ಲೊಂದು ಹುತ್ತ ಮೇಕೆ ಕೊಟ್ಟಿಗೆಗಿಂತ ಎತ್ತರವಾಗಿತ್ತು.

"ಏನಜ್ಜ, ಊರೆಲ್ಲ ನೀರಾ?" ಎಂದ ವೆಲ್ಡಿಂಗ್ ಮಾಲೀಕ.

"ಸುಮ್ಕಿರಲೇ. ಅಲ್ಲಿ ಹುತ್ತ ನಮ್ಮ ಜಾಲಿ ಇದ್ದಂಗೆ. ಸಾಕ್ಷಿಗೆ ಬರಲ್ಲ ಅದು." ಅಜ್ಜ ನನ್ನ ಕಡೆ ತಿರುಗಿದರು. "ಅಲ್ಲಿ ಮೇಕೆ ಕಾಯೋರು ಯಾರಾನ ಅವ್ರಾ? ಅವರನ್ನ ಕರೀರಿ. ಓದಿದೋರು ಬ್ಯಾಡ."

ನಾನು ಬರೆದಿದ್ದ ಸಾಲಿಗೆ ಗೆರೆ ಹೊಡೆದೆ. ಅನಾಥಾಲಯದ ಮೇಕೆಗಳನ್ನು ನೋಡಿಕೊಳ್ಳುವ ಒಬ್ಬ ಮುದುಕ ಫೋನಿನ ಮುಂದೆ ಬಂದು ಕೂತ. ಅಜ್ಜನ ಮಾತನ್ನು ನಾನು ಇಂಗ್ಲಿಷಿಗೆ, ನನ್ನದನ್ನು ಅಕ್ಕ ಅವರ ಭಾಷೆಗೆ. ಬಿರುಬೇಸಿಗೆಯಲ್ಲಿ ಮೇಕೆ ಎಲ್ಲಿ ಮಲಗುತ್ತವೆ? ಯಾವ ಮರದ ಎಲೆ ಕೊನೆಗೆ ಉದುರುತ್ತದೆ? ಮಳೆಗೆ ಮುಂಚೆ ಮೇಕೆಗಳು ಕಾಲಲ್ಲಿ ನೆಲ ಕೆರೆಯುವುದುಂಟೇ, ಎಲ್ಲಿ? ಕೊನೆಯ ಪ್ರಶ್ನೆಗೆ ಮುದುಕ ಭಾಷಾಂತರಕ್ಕೂ ಕಾಯದೆ ಕೈ ಚಾಚಿ ಒಂದು ದಿಕ್ಕು ತೋರಿಸಿದ. ಅಜ್ಜ ನೆಲ ಕೆರೆಯುವುದನ್ನು ಕೈಯಲ್ಲೇ ಮಾಡಿ ತೋರಿಸಿದ್ದರು. ಜಾಗ ಬೇಲಿಯಿಂದ ಐವತ್ತು ಹೆಜ್ಜೆ ಕೆಳಗೆ, ಒಣಹಳ್ಳ ತಿರುಗುವಲ್ಲಿ. ಅಲ್ಲಿ ಜೊಂಡು ಬೇಸಿಗೆಯಲ್ಲೂ ಹಸಿರಿರುತ್ತದಂತೆ.

ಮುದುಕನೂ ಒಂದು ಪ್ರಶ್ನೆ ಕೇಳಿದ: ನಿಮ್ಮ ಕುರಿ ಎಷ್ಟು?

"ಅದನ್ನ ಯಾರೂ ಹೇಳಲ್ಲ ಅಂತ ಹೇಳ್ರಿ" ಎಂದರು ಅಜ್ಜ. ಅಕ್ಕ ಹೇಳಿದರು. ಮುದುಕ ತೊಡೆ ತಟ್ಟಿಕೊಂಡು ನಕ್ಕ. ಅವನೂ ಹೇಳುವುದಿಲ್ಲವಂತೆ.

ಡ್ರಿಲ್ಲರ್ ಮಾತ್ರ ನಗಲಿಲ್ಲ. "ಅಜ್ಜ, ಬೇಲಿ ಒಳಗೆ ಬೇಕು. ಬೇಲಿ ಒಳಗೆ ಹೇಳಜ್ಜ."

"ಬೇಲಿ ಒಳಗೆ ಬೇಕಂದ್ರೆ ಬೇಲೀನೇ ಕೇಳಪ್ಪ, ನನ್ನೇನ್ ಕೇಳ್ತೀಯ."

"ಹಂಗಾದ್ರೆ ಬೇಲೀನೇ ಆಚೆ ತಗಂಡೋಗಾಣ" ಎಂದು ವೆಲ್ಡಿಂಗ್ ಮಾಲೀಕ ತಮಾಷೆಗೆ ಅಂದ. ಡ್ರಿಲ್ಲರ್ ಅವನ ಮುಖವನ್ನೇ ನೋಡಿ, "ಯಾಕಾಗಲ್ಲ?" ಎಂದ.

ಆ ಜಾಗ ಊರಿನದು. ಅಲ್ಲಿ ಊರ ಗೌಡಿಕೆ ಒಬ್ಬ ವೃದ್ಧೆಯ ಕೈಯಲ್ಲಿತ್ತು. ಅಕ್ಕ ಹೋಗಿ ಕೇಳಿಕೊಂಡರು. ಆಕೆ ಒಪ್ಪಿ ಒಂದು ಷರತ್ತು ಹಾಕಿದರು: ಬೇಲಿಯನ್ನು ಹಳ್ಳದವರೆಗೆ ಚಾಚಿಕೊಳ್ಳಿ, ಆದರೆ ಊರಿನ ಕಡೆಗೂ ಒಂದು ಬಾಗಿಲಿರಬೇಕು, ಊರವರೂ ನೀರು ತೆಗೆದುಕೊಳ್ಳಬೇಕು.

ಮೇ ತಿಂಗಳ ಸಭೆಯಲ್ಲಿ ಇದರ ಮೇಲೆ ಜಗಳವಾಯಿತು. ಟ್ರಸ್ಟಿನ ಕಾಗದದಲ್ಲಿ "ಅನಾಥ ಮಕ್ಕಳಿಗಾಗಿ" ಎಂದಷ್ಟೇ ಇತ್ತು. ಓದಿ ಹೇಳಿದವನು ನಾನು. ಎರಡು ಬಾಗಿಲಿನ ಜಾಗವನ್ನು ಕಚೇರಿಯವರು ಆವರಣದೊಳಗೆ ಎಂದು ಒಪ್ಪದಿದ್ದರೆ ಬೋರೂ ಹೋಯಿತು, ಮಕ್ಕಳೂ ಹೋದರು ಎಂದೆ. ಹುತ್ತದ ಮೂಲೆಯಲ್ಲೇ ಕೊರೆದರೆ ನೀರು ಬಂದರೂ ಬರಬಹುದು, ನಿಯಮವಂತೂ ಪಾಲನೆಯಾಗುತ್ತದೆ ಎಂಬುದು ನನ್ನ ವಾದ.

"ನೀರು ಬರದಿದ್ರೆ ನಿಯಮ ಕುಡೀತಾವಾ ಸಾರ್ ಮಕ್ಕಳು?" ಎಂದ ಡ್ರಿಲ್ಲರ್.

"ಕಚೇರಿಯೋರು ಬ್ಯಾಡ ಅಂದ್ರೆ ನಿನ್ನ ಹಳ್ಳದ ನೀರು ಕುಡಿಯಕ್ಕೆ ಆ ಹನ್ನೊಂದು ಮಕ್ಕಳು ಅಲ್ಲಿ ಇರಲ್ಲ" ಎಂದರು ಮೇಷ್ಟ್ರೊಬ್ಬರು. ಕೈ ಎತ್ತಿಸಿದೆವು. ಐವರು ಹಳ್ಳದ ಜಾಗಕ್ಕೆ, ಇಬ್ಬರು ವಿರುದ್ಧ. ವಿರುದ್ಧ ಇದ್ದವರು ಆ ಮೇಷ್ಟ್ರು ಮತ್ತು ನಾನು.

ಜೂನ್ ಮೂರನೇ ವಾರ ರಿಗ್ ಬಂತು. ನಾವು ಶೆಡ್ಡಿನಲ್ಲಿ ಗೋಡೆಗೆ ಒಂದು ಟಿ.ವಿ. ಹಾಕಿ ನೋಡುತ್ತಿದ್ದೆವು. ಬೇಲಿಯ ಉದ್ದಕ್ಕೂ ಮಕ್ಕಳು, ಆಚೆ ಊರವರು. ಮೊದಲು ಕೆಂಪು ಧೂಳು, ಆಮೇಲೆ ಬೂದು, ನೂರು ಅಡಿಯ ಹೊತ್ತಿಗೆ ಬಿಳಿ. ಬಿಳಿ ಧೂಳು ಅಂದರೆ ನೀರಿಲ್ಲದ ಗಟ್ಟಿ ಬಂಡೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಟೀ ತರಿಸಿದ್ದರು, ಯಾರೂ ಮುಟ್ಟಲಿಲ್ಲ. ನೂರೈವತ್ತು ದಾಟಿದಾಗ ಡ್ರಿಲ್ಲರ್ ಟಿ.ವಿ.ಗೆ ಬೆನ್ನು ಮಾಡಿ ಕೂತ. ನೋಡಲಾಗದೆ ಎಂದು ನಾನು ತಿಳಿದೆ. "ಶಬ್ದ ಕೇಳ್ತಾ ಇದೀನಿ, ಮಾತಾಡಬ್ಯಾಡ್ರಿ" ಎಂದ. ಸ್ವಲ್ಪ ಹೊತ್ತಿಗೆ, "ಸಡ್ಲ ಆತು" ಎಂದ. ನಾನು ಟಿ.ವಿ. ನೋಡಿದೆ, ಧೂಳು ಹಾರುವುದು ನಿಂತು ಕೆಸರು ಚೆಲ್ಲುತ್ತಿತ್ತು. ನೂರೆಪ್ಪತ್ತು ಅಡಿಯಲ್ಲಿ ನೀರು ಬಂತು. ಇನ್ನೂ ನೂರಡಿ ಕೊರೆದರೂ ಹೆಚ್ಚಾಗಲಿಲ್ಲ. ಮೋಟರ್ ಇಟ್ಟು ಟ್ಯಾಂಕ್ ಕಟ್ಟುವ ಯೋಜನೆ ನಮ್ಮದಿತ್ತು. ಅದಕ್ಕೆ ಸಾಲದು, ಕೈಪಂಪಿಗೆ ಆಗುತ್ತದೆ ಎಂದು ಅಲ್ಲಿನವರು ಹೇಳಿದರು.

ಅಜ್ಜ ಅಂದು ಕುರಿ ಹೊಡೆದುಕೊಂಡು ಹೋಗಿದ್ದರು. ಸಂಜೆ ಫೋನ್ ಮಾಡಿ ತಿಳಿಸಿದೆ. "ಎಷ್ಟಕ್ಕೆ ಬಂತು?" ಎಂದರು. ಹೇಳಿದೆ. "ಮೇಕೆ ಒಂದಡಿ ಕೆರಿತಾವೆ, ನೀವು ನೂರೆಪ್ಪತ್ತು. ಆಗ್ಲಿ ಬಿಡ್ರಿ."

ಜುಲೈಯಲ್ಲಿ ಕೈಪಂಪ್ ಕೂತಿತು. ಆಗಸ್ಟಿನಲ್ಲಿ ಬೇಲಿಯನ್ನು ಹಳ್ಳದವರೆಗೆ ಚಾಚಿ ಎರಡು ಬಾಗಿಲು ಇಟ್ಟರು. ಬೆಳಗ್ಗೆ ಮೊದಲು ಮಕ್ಕಳು, ಅವರು ಶಾಲೆಗೆ ಹೊರಟ ಮೇಲೆ ಊರವರು. ಹುಡುಗಿಯರು ಮೊದಲನೇ ಪಿರಿಯಡ್ಡಿಗೇ ಹೋಗುತ್ತಿದ್ದಾರೆ ಎಂದು ಅಕ್ಕ ಬರೆದರು.

ಸೆಪ್ಟೆಂಬರ್ ಕೊನೆಯ ವಾರ ಕಚೇರಿಯಿಂದ ಇಬ್ಬರು ಬಂದರು. ಪಂಪ್ ಹೊಡೆದು ನೋಡಿದರು. ಮಲಗುವ ಕೋಣೆಯಿಂದ ಪಂಪಿನವರೆಗೆ ಟೇಪು ಹಿಡಿದು ಅಳೆದರು. ಊರಿನ ಕಡೆಯ ಬಾಗಿಲಿನ ಫೋಟೋ ತೆಗೆದುಕೊಂಡರು. ಇದನ್ನು ಆವರಣದೊಳಗೆ ಎಂದು ಪರಿಗಣಿಸಬಹುದೇ ಎಂದು ಮೇಲಿನವರನ್ನು ಕೇಳಿ ತಿಳಿಸುತ್ತೇವೆ, ಅಲ್ಲಿಯವರೆಗೆ ಮಕ್ಕಳನ್ನು ಕಳಿಸುವುದು ಬೇಡ ಎಂದು ಬರೆದುಕೊಟ್ಟು ಹೋದರು. ಆ ಕಾಗದದ ಪ್ರತಿ ನಡಾವಳಿ ಪುಸ್ತಕದಲ್ಲಿದೆ.

ಉತ್ತರ ಇನ್ನೂ ಬಂದಿಲ್ಲ. ಈ ತಿಂಗಳ ಎರಡನೇ ಶನಿವಾರ ಅಕ್ಕನ ಜೊತೆ ಮಾತಾಡಿದಾಗ ಹನ್ನೊಂದು ಮಕ್ಕಳೂ ಅಲ್ಲೇ ಇದ್ದರು.