ದೇವಾನಂದನ ರವಿವಾರದ ಹರಟಿ

ದೇವಾನಂದನದೂ ನನ್ನದೂ ಹನ್ನೊಂದು ವರ್ಷದ ಲೋಕಲ್ ರೈಲಿನ ಗೆಳೆತನ. ಇಬ್ಬರೂ ಜೋಗೇಶ್ವರಿಯಲ್ಲಿ ಹತ್ತಿ ದಾದರಿನಲ್ಲಿ ಇಳಿಯುವವರು. ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಅವನು ಕೊರಿಯರ್ ಕಂಪನಿಯೊಂದರಲ್ಲಿ ಮೂವತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಅವನ ಅಪ್ಪ ಭೀಮರಾಯ ಇಂಡಿ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಮುಂಬಯಿಗೆ ಬಂದು ಜೋಗೇಶ್ವರಿಯ ಚಾಳಿನಲ್ಲಿ ನೆಲೆ ನಿಂತವರು. ದೇವಾನಂದ ಹನ್ನೆರಡನೆಯ ಈಯತ್ತೆಗೇ ಓದು ನಿಲ್ಲಿಸಿದ್ದ. ಕಂಪ್ಯೂಟರ್ ಕಲಿತದ್ದು ಗುಜರಿಯಿಂದ ತಂದ ಒಂದು ಹಳೆಯ ಯಂತ್ರದ ಮುಂದೆ ಕೂತು.

ಆ ಕಥೆಯನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಯಂತ್ರಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ, ಪರದೆ ಕಪ್ಪಾಗಿ ಕೂತಿತು. ಸೈಬರ್ ಕೆಫೆಗೆ ಹೋಗಿ, ಅರೆಬರೆ ಇಂಗ್ಲಿಷಿನಲ್ಲಿ, ಅದನ್ನು ಬಳಸುವವರ ಯಾವುದೋ ಈಮೇಲ್ ಪಟ್ಟಿಗೆ ಒಂದು ಪ್ರಶ್ನೆ ಬರೆದು ಬಂದ. ಮರುದಿನ ಯಾವುದೋ ದೇಶದ ಯಾರೋ ಮನುಷ್ಯ ಎರಡು ಪುಟದ ಉತ್ತರ ಬರೆದಿದ್ದ.

"ನನ್ನ ಊರು ಕೇಳ್ಲಿಲ್ಲ, ಜಾತಿ ಕೇಳ್ಲಿಲ್ಲ, ಎಷ್ಟು ಕಲತೀ ಅಂತ ಕೇಳ್ಲಿಲ್ಲ ಸುಭಾಷಣ್ಣ," ಎನ್ನುತ್ತಿದ್ದ. "ತನಗ ಗೊತ್ತಿದ್ದದ್ದು ಹೇಳಿ ಹೋದ. ಹಿಂಗೂ ಮಂದಿ ಇರ್ತಾರ ಅಂತ ನನಗ ಅವತ್ತ ತಿಳೀತು."

ಅಂದಿನಿಂದ ಅವನು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಭಕ್ತನಾದ. ಹತ್ತಾರು ತಂತ್ರಾಂಶಗಳ ಪರದೆಯ ಮಾತುಗಳನ್ನು ಕನ್ನಡಕ್ಕೆ ತಂದ. ಜೋಗೇಶ್ವರಿಯ ಕನ್ನಡದವರ ಮನೆಗಳಲ್ಲಿ ಮೂಲೆ ಸೇರಿದ್ದ ಯಂತ್ರಗಳಿಗೆ ಜೀವ ಕೊಟ್ಟು ಬಂದ. ಮತ್ತೆ ಪ್ರತಿ ರವಿವಾರ ಬೆಳಿಗ್ಗೆ, ಆ ವಾರದ ತಂತ್ರಜ್ಞಾನದ ಸುದ್ದಿಗಳ ಬಗ್ಗೆ ತನಗೆ ತೋಚಿದ್ದನ್ನು ಒಂದು ಪುಟ ಬರೆದು ಹತ್ತಿಪ್ಪತ್ತು ಜನರಿಗೆ ಈಮೇಲ್ ಕಳಿಸುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ರವಿವಾರದ ಹರಟಿ. ವಾಟ್ಸಾಪ್ ಅವನಿಗೆ ಆಗುತ್ತಿರಲಿಲ್ಲ. ಆದ್ದರಿಂದ ನಾನೇ ಅದನ್ನು ನಕಲು ಮಾಡಿ ನಮ್ಮ ಕನ್ನಡ ಸಂಘದ ಗ್ರೂಪಿಗೆ ಹಾಕುತ್ತಿದ್ದೆ. ಇನ್ನೂರು ಜನ ಓದುತ್ತಿದ್ದರು, ನಗುತ್ತಿದ್ದರು.

ನಗಿಸುವಂತೆಯೇ ಬರೆಯುತ್ತಿದ್ದ. ಕಂಪನಿಯ ಶಾಯಿಯನ್ನೇ ಹಾಕದಿದ್ದರೆ ನಡೆಯದ ಪ್ರಿಂಟರಿನ ಬಗ್ಗೆ, "ಎಮ್ಮಿ ಕೊಂಡಾಂವ ನಾ, ಹಿಂಡಾಕ ಅಪ್ಪಣಿ ಕೊಡಾಂವ ಮಾರಿದಾಂವ," ಎಂದು ಬರೆದಿದ್ದ. ಎಲ್ಲರೂ ಕೂಡಿ ಕಟ್ಟಿದ ತಂತ್ರಾಂಶವನ್ನು ಒಂದು ಕಂಪನಿ ತನ್ನದೆಂದಾಗ, ನಾಲ್ಕು ಮಂದಿ ತೋಡಿದ ಬಾವಿಗೆ ಒಬ್ಬ ಬಾಗಿಲು ಹಚ್ಚಿದ ಎಂದ. ಫೋಟೋಗಳನ್ನೆಲ್ಲ ಕ್ಲೌಡಿನಲ್ಲಿ ಇಡುವವರಿಗೆ, ಮಂದಿ ಮನೆಯ ಅಟ್ಟದ ಮೇಲೆ ನಿಮ್ಮ ಟ್ರಂಕ್ ಇಟ್ಟು ನಿದ್ದೆ ಹೆಂಗ ಬರತೈತಿ ಎಂದು ಕೇಳಿದ.

ಅವನ ಹೆಂಡತಿ ಭುವನೇಶ್ವರಿ ಜೋಗೇಶ್ವರಿ ಪೂರ್ವದ ಒಂದು ಸಣ್ಣ ಕಾರಖಾನೆಯಲ್ಲಿ ನೋವಿನ ಮುಲಾಮಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಕಡಿಮೆ ಮಾತಿನ ಹೆಂಗಸು. ಅವರ ಮನೆಗೆ ಹೋದಾಗ ಚಹ ಕೊಟ್ಟು, ಗಂಡನ ಮಾತು ಕೇಳುತ್ತ ಬಾಗಿಲ ಬಳಿ ಕೂರುತ್ತಿದ್ದರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಡೆಂಗ್ಯೂ ಬಂತು. ಆರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ನಲವತ್ತಾರು ವರ್ಷ. ಮಗಳು ರಾಧಿಕಾ ಆಗಷ್ಟೇ ಮಲಾಡಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು.

ನಾಲ್ಕು ತಿಂಗಳು ಹರಟಿ ಬರಲಿಲ್ಲ. ಆಮೇಲೆ ಒಂದು ರವಿವಾರ ತಾನಾಗಿಯೇ ಬಂತು. ಸದ್ಯ, ಮನುಷ್ಯ ಎದ್ದು ಕೂತ ಎಂದು ನಾವು ಸಮಾಧಾನಪಟ್ಟೆವು.

ಈ ವರ್ಷ ಫೆಬ್ರುವರಿ ಕೊನೆಯಲ್ಲಿ ಒಂದು ಸುದ್ದಿ ಬಂತು. ಸುರ್‌ಗಲ್ಲಿ ಎಂಬ ಆ್ಯಪ್ ಮುಚ್ಚುತ್ತಿದೆ, ಅದರಲ್ಲಿ ಹಾಡು ಹಾಕಿದವರು ಮಾರ್ಚ್ ಮೂವತ್ತೊಂದರ ಒಳಗೆ ತಮ್ಮ ಹಾಡು ಇಳಿಸಿಕೊಳ್ಳಬೇಕು, ಆಮೇಲೆ ಎಲ್ಲ ಅಳಿಸಲಾಗುತ್ತದೆ ಎಂದು. ದೇವಾನಂದ ಆ ವಾರದ ಹರಟಿಯಲ್ಲಿ ಅದಕ್ಕೆ ಮೂರು ಸಾಲು ಕೊಟ್ಟ. ಮಂದಿಯ ಹಗೇವಿನೊಳಗೆ ಕಾಳು ಸುರಿದವರಿಗೆ ಇದು ಪಾಠ ಎಂದು ಮೊದಲನೆಯದು. ಬಚ್ಚಲಮನೆಯಲ್ಲಿ ಹಾಡುವವರೆಲ್ಲ ಅಲ್ಲಿ ಹೋಗಿ ಹಾಡುತ್ತಿದ್ದರು ಎಂದು ಎರಡನೆಯದು. ಅವರ ಹಾಡು ಅಳಿಸಿ ಹೋದರೆ ಜಗತ್ತಿಗೆ ನಷ್ಟವೇನೂ ಇಲ್ಲ, ಕಿವಿಗೆ ಲಾಭ ಎಂದು ಮೂರನೆಯದು. ನಾನು ಓದಿ ನಕ್ಕೆ. ಗ್ರೂಪಿಗೆ ಹಾಕಿದೆ. ಅಲ್ಲಿಯೂ ನಕ್ಕರು.

ಏಪ್ರಿಲಿನಲ್ಲಿ ಸಂಘದ ಬಸವ ಜಯಂತಿ ನಡೆಯಿತು. ಮಧ್ಯಾಹ್ನ ಊಟದ ಪಂಕ್ತಿ ಏಳುವ ಹೊತ್ತಿಗೆ ಒಬ್ಬ ಹೆಂಗಸು ನಮ್ಮಿಬ್ಬರ ಹತ್ತಿರ ಬಂದು ನಿಂತಳು. ಹೆಸರು ಸೇವಂತಿ. ಮೊದಲು ಭುವನೇಶ್ವರಿಯ ಜೊತೆ ಅದೇ ಕಾರಖಾನೆಯಲ್ಲಿದ್ದು, ಈಗ ಮಲಾಡಿಗೆ ಮನೆ ಬದಲಿಸಿದ್ದಳು. ದೇವಾನಂದ ಗುರುತು ಹಿಡಿದು, "ಆರಾಮ ಏನ್ ತಂಗಿ?" ಎಂದ.

ಅವಳು ನೇರವಾಗಿ ಕೇಳಿದಳು. "ಒಂದ ಮಾತ ಕೇಳ್ತೀನ್ರಿ ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಭುವನಕ್ಕನ ಹಾಡು ಹೋದ್ರ ನಷ್ಟ ಏನಿಲ್ಲ ಅಂತ ಬರದ್ರಲ್ಲ, ಹೆಂಗ ಮನಸ ಬಂತ್ರಿ ನಿಮಗ?"

ದೇವಾನಂದನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. "ಯಾವ ಹಾಡು?" ಎಂದ.

ಸೇವಂತಿ ಅವನ ಮುಖವನ್ನೇ ನೋಡಿದಳು. ಅವನಿಗೆ ನಿಜಕ್ಕೂ ಏನೂ ಗೊತ್ತಿಲ್ಲ ಎಂಬುದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದಳು. ಕಾರಖಾನೆಯಲ್ಲಿ ಮಧ್ಯಾಹ್ನ ಮಷೀನು ನಿಂತಾಗ ಭುವನೇಶ್ವರಿ ಹಾಡುತ್ತಿದ್ದರು. ಬೀಸುವ ಪದ, ತೊಟ್ಟಿಲ ಪದ, ತಾವೇ ಕಟ್ಟಿದ ಪದ. ಸೇವಂತಿ ತನ್ನ ಫೋನಿನಲ್ಲಿ ನಕಲು ಇಟ್ಟುಕೊಳ್ಳದೆ ಅವನ್ನು ನೇರವಾಗಿ ಸುರ್‌ಗಲ್ಲಿಗೆ ಹಾಕುತ್ತಿದ್ದಳು. ಮೂರು ವರ್ಷದಲ್ಲಿ ನಲವತ್ತೊಂದು ಹಾಡು.

"ಮನ್ಯಾಗ ಹೇಳಬ್ಯಾಡ ಅಂದಿದ್ಳರಿ. ನಮ್ಮನಿಯವರಿಗೆ ಇಂಥಾ ಆ್ಯಪ್ ಅಂದ್ರ ಆಗೂದಿಲ್ಲ, ಬೈತಾರ ಅಂದಿದ್ಳು. ಆಕಿ ಹ್ವಾದ ಮ್ಯಾಲ ನಿಮಗ ಗೊತ್ತಾಗಿರಬೇಕು ಅನಕೊಂಡಿದ್ದೆ. ನನಗ ಇಂಗ್ಲಿಷ್ ಬರೂದಿಲ್ಲ. ಅದು ಮುಚ್ಚತೈತಿ ಅಂತ ತಿಳಿದದ್ದ ಸಂಘದ ಗ್ರೂಪಿನಾಗ ನೀವು ಬರದದ್ದು ಓದಿ. ಕೇಳೂನು, ಉಳಿಸಿ ಕೊಡ್ತಾರ ಅಂತ ಫೋನ್ ತಗದೆ. ಕೆಳಗ ಓದಿದ್ರ ಹಂಗ ಬರದೀರಿ. ಗಂಡಗ ಬ್ಯಾಡಾದ್ದು ನಾ ಯಾಕ ಕೇಳ್ಲಿ ಅಂತ ಸುಮ್ಮನಾದೆ. ಕಡೀ ದಿನದ ತನಕ ದಿನಾ ಹಚ್ಚಿ ಕೇಳಿದೆ. ಆಮ್ಯಾಲ ಹತ್ತಲಿಲ್ಲ."

ಇಳಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಅವನಿಗದು ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಎದ್ದು ಕೈ ತೊಳೆಯಲು ಹೋದ. ಆಗಲೇ ತೊಳೆದಿದ್ದ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತೇ ಇದ್ದ. ಹಿಂದೆ ಸಾಲು ನಿಂತವರು, "ಅರೆ ಭಾಯಿ," ಎಂದಾಗ ಸರಿದ.

ಮರುದಿನ ಲೋಕಲಿನಲ್ಲಿ ಅಂಧೇರಿ ದಾಟಿದ ಮೇಲೆ ನನಗೆ ಹೇಳಿದ. "ಆಕಿ ನನ್ನ ಕೇಳಿದ್ಳು ಸುಭಾಷಣ್ಣ. ಐದಾರು ವರ್ಷದ ಹಿಂದ. ಹಾಡ ಹಾಕೂ ಆ್ಯಪ್ ಐತಂತ, ನನ್ನ ಫೋನಿಗಿ ಹಾಕಿಕೊಡ್ರಿ ಅಂತ. ನಾ ಆಕಿಗೆ ಅರ್ಧ ತಾಸು ಭಾಷಣಾ ಮಾಡಿದೆ. ಕಂಪನಿ ಹಂಗ, ಕಂಪನಿ ಹಿಂಗ ಅಂತ. ಆತ್ ಬಿಡ್ರಿ ಅಂದ್ಳು. ಏನ್ ಹಾಡ್ತಿ ಅಂತ ಒಂದ್ ಮಾತ ಕೇಳ್ಲಿಲ್ಲ ನಾ."

ಅವನ ಬಳಿ ಹೆಂಡತಿಯ ಫೋಟೋಗಳು ಸಾವಿರಾರು ಇದ್ದವು, ಮೂರು ಮೂರು ಕಡೆ ನಕಲಾಗಿ. ಧ್ವನಿ ಇರಲಿಲ್ಲ. ಮದುವೆ ಮುಂಜಿವೆಗಳ ವಿಡಿಯೋಗಳನ್ನೆಲ್ಲ ಒಂದು ವಾರ ಕೂತು ಜಾಲಾಡಿದ. ಒಂದರಲ್ಲಿ ಮಾತ್ರ, ಪರದೆಯ ಹೊರಗಿನಿಂದ, "ಎಲಿ ಹಾಕ್ಯಾರ, ಬರ್ರಿ," ಎಂಬ ಮೂರು ಮಾತು ಕೇಳಿಸುತ್ತಿತ್ತು. ಅದು ಆಕೆಯದೋ ಆಕೆಯ ನಾದಿನಿ ಹನುಮವ್ವನದೋ ಎಂದು ಅವನಿಗೂ ರಾಧಿಕಾಗೂ ಖಾತ್ರಿಯಾಗಲಿಲ್ಲ.

ಕಂಪನಿಗೆ ಬರೆದ. ಆ ವಿಳಾಸವೇ ಇಲ್ಲವೆಂದು ಈಮೇಲ್ ಹಿಂದೆ ಬಂತು. ಇಪ್ಪತ್ತು ವರ್ಷದಲ್ಲಿ ಪರಿಚಯವಾಗಿದ್ದ ದೇಶ ದೇಶಗಳ ಗೆಳೆಯರಿಗೆಲ್ಲ ಬರೆದ. ಮುಚ್ಚಿಹೋಗುವ ಜಾಲತಾಣಗಳನ್ನು ಉಳಿಸಿಡುವ ಕೆಲವು ಸ್ವಯಂಸೇವಕರಿದ್ದಾರಂತೆ. ಅವರಲ್ಲೊಬ್ಬ ಮೂರು ವಾರದ ಮೇಲೆ ಒಂದು ಕಡತ ಕಳಿಸಿದ. ಪುಟ ಸಿಕ್ಕಿದೆ, ಹಾಡುಗಳ ಕಡತ ದೊಡ್ಡವು, ಅವನ್ನು ಉಳಿಸಲು ಆಗಲಿಲ್ಲ, ಕ್ಷಮಿಸಿ ಎಂದಿದ್ದ.

ಆ ಪುಟವನ್ನು ದೇವಾನಂದ ನನ್ನನ್ನು ಮನೆಗೆ ಕರೆದು ತೋರಿಸಿದ. ಸೇವಂತಿಯನ್ನೂ ಕರೆಸಿದ್ದ. ನಲವತ್ತೊಂದು ಹಾಡಿನ ಹೆಸರುಗಳು, ಒಂದೊಂದರ ಕೆಳಗೆ ಕೇಳಿದವರು ಬರೆದ ಮಾತು. ಒತ್ತಿದರೆ ಯಾವುದೂ ನುಡಿಯುತ್ತಿರಲಿಲ್ಲ. ಹದಿನೇಳನೆಯದರ ಹೆಸರು, "ನಮ್ಮನಿಯವರ ಹರಟಿ ಪದ."

"ಇದೇನ್ ತಂಗಿ?" ಎಂದ.

ಸೇವಂತಿ ಸೆರಗು ಎಳೆದುಕೊಂಡಳು. "ಅದು ನಗೀಗೆ ಹಾಡಿದ್ದರಿ. ನೀವು ರವಿವಾರ ಬರದದ್ದನ್ನ ಆಕಿ ಸೋಮವಾರ ನಮಗೆಲ್ಲ ಹೇಳ್ತಿದ್ಳು. ಪ್ರಿಂಟರಿಂದು, ಬಾವೀದು, ಎಲ್ಲಾ. ಅದನ್ನೆಲ್ಲ ಸೇರಿಸಿ ಪದಾ ಕಟ್ಟಿದ್ಳು. ನಾವು ನಕ್ಕ ನಕ್ಕ ಸಾಕಾಗಿದ್ವಿ."

"ನೆನಪೈತೇನ್?"

"ಒಂದ ನುಡಿ ಅಷ್ಟ ಐತ್ರಿ."

"ಹಾಡು."

ಅವಳು ಹಾಡಲಿಲ್ಲ, ಸುಮ್ಮನೆ ಹೇಳಿದಳು.

"ದೇಶದ ಸುದ್ದೆಲ್ಲ ಹೇಳ್ತಾನ ನನ ರಾಯ
ಮಗ್ಗಲದಾಗ ಕುಂತಾಕಿ ಸುದ್ದೀಯ ಕೇಳಾಕ
ಇನ್ನೂ ಪುರಸೊತ್ತು ಸಿಕ್ಕಿಲ್ಲ."

ರಾಧಿಕಾ ಅಡುಗೆ ಮನೆಯಿಂದ ಬಂದು ನಿಂತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಹಾಡಿನ ಕನ್ನಡ ಪೂರ್ತಿ ತಿಳಿಯುವುದಿಲ್ಲ. "ಪಪ್ಪಾ, ಮಮ್ಮಿ ಕ್ಯಾ ಬೋಲಿ? ಮತಲಬ್ ಏನು?" ಎಂದಳು. ದೇವಾನಂದ ಬಾಯಿ ತೆರೆದ. ಹತ್ತಾರು ತಂತ್ರಾಂಶಗಳ ಮಾತನ್ನು ಭಾಷೆಯಿಂದ ಭಾಷೆಗೆ ತಂದವನಿಗೆ ಆ ಮೂರು ಸಾಲನ್ನು ಮಗಳಿಗೆ ಹೇಳಲು ಆಗಲಿಲ್ಲ. ಸೇವಂತಿಯೇ ತನಗೆ ಬಂದ ಹಿಂದಿಯಲ್ಲಿ ಹೇಳಿದಳು. ರಾಧಿಕಾ ಮೊದಲು ನಕ್ಕಳು. ಆಮೇಲೆ ಅಪ್ಪನ ಮುಖ ನೋಡಿ ಒಳಗೆ ಹೋದಳು.

ಆ ರವಿವಾರ ಅವನು ನನಗೆ ಎರಡೇ ಸಾಲು ಕಳಿಸಿದ. ಫೆಬ್ರುವರಿ ಕೊನೆಯ ವಾರದ ಹರಟಿಯಲ್ಲಿ ಮುಚ್ಚಿದ ಆ್ಯಪ್ ಬಗ್ಗೆ ನಾನು ಬರೆದದ್ದು ತಪ್ಪು, ಅಲ್ಲಿ ಹಾಡಿದವರೆಲ್ಲ ಕ್ಷಮಿಸಬೇಕು ಎಂದು. ಗ್ರೂಪಿಗೆ ಹಾಕಿದೆ. ಏಳೆಂಟು ಹೆಬ್ಬೆರಳು, ಒಂದು ನಮಸ್ಕಾರ, ಅದರ ಬೆನ್ನಿಗೇ ಯಾರದೋ ಶುಭೋದಯದ ಗುಲಾಬಿ ಬಂತು. ಆಮೇಲೆ ಅವನು ಹರಟಿ ಬರೆಯಲಿಲ್ಲ. ಯಾಕೆಂದು ಕೆಲವರು ಕೇಳಿದರು. ಆರಾಮಿಲ್ಲ ಎಂದೆ.

ಆದರೆ ಆ ಪುಟವನ್ನು ಅವನು ಬಿಡಲಿಲ್ಲ. ಹಾಡು ಕೇಳಿದವರಲ್ಲಿ ಯಾರಾದರೂ ಒಂದನ್ನಾದರೂ ಇಳಿಸಿಕೊಂಡಿರಬಹುದು ಎಂದು ಒಬ್ಬೊಬ್ಬರನ್ನೇ ಹುಡುಕಿದ. ಹೆಚ್ಚಿನವರದು ಬರೀ ಅಡ್ಡಹೆಸರು. ಒಬ್ಬರು ಮಾತ್ರ, ಸೊಲ್ಲಾಪುರದ ಶರಣಬಸಪ್ಪ ಎಂಬುವರು, ನಮ್ಮ ಮೊಮ್ಮಗಳ ತೊಟ್ಟಿಲಿಗೆ ಬಂದು ಹಾಡ್ತೀರೇನವ್ವ ಎಂದು ಕೇಳಿ ತಮ್ಮ ಫೋನ್ ನಂಬರ್ ಬರೆದಿದ್ದರು.

ಜೋಗೇಶ್ವರಿ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ಆ ನಂಬರಿಗೆ ಫೋನ್ ಹಚ್ಚಿದ. ಒಬ್ಬನೇ ಮಾತಾಡಲು ಅವನಿಗೆ ಧೈರ್ಯವಿರಲಿಲ್ಲ. ಆ ಕಡೆಯಿಂದ ವಯಸ್ಸಾದ ದನಿ ಬಂತು. ದೇವಾನಂದ ತಾನು ಯಾರೆಂದು ಹೇಳಿ, ಹಾಡು ಇಟ್ಟುಕೊಂಡಿದ್ದೀರಾ ಎಂದು ಕೇಳಿದ.

"ಇಲ್ಲರೀ," ಎಂದರು ಮುದುಕರು. "ಅದನ್ನ ಹೆಂಗ ಇಟಗೋಬೇಕು ನನಗೇನ್ ಗೊತ್ತರಿ. ದಿನಾ ಮುಂಜಾನೆ ಹಚ್ಚತಿದ್ದೆ. ಈಗ ಹತ್ತವಲ್ಲದು."

ದೇವಾನಂದ ಇನ್ನು ಫೋನ್ ಇಡುತ್ತಾನೆ ಎಂದುಕೊಂಡೆ. "ಹೆಂಗ ಹಾಡ್ತಿದ್ಳರಿ?" ಎಂದು ಕೇಳಿದ.

"ಏನ್ ಕೇಳ್ತೀರಿ. ಸಣ್ಣ ದನಿ ಅಲ್ಲರಿ, ತುಸು ದಪ್ಪಂದು. ನಮ್ಮ ಅವ್ವನ ದನಿಯಂಥಾದ್ದು. ನುಡಿ ಮುಗದ ಮ್ಯಾಲ ಉಸುರು ಎಳಕೊಳ್ಳೂದು ಕೇಳ್ತಿತ್ತು. ಹಿಂದ ಬಾಟ್ಲಿ ಸಪ್ಪಳಾ. ಒಮ್ಮೊಮ್ಮಿ ನಡಕ ನಕ್ಕ ಬಿಡ್ತಿದ್ರು, ಆಮ್ಯಾಲ ಎಲ್ಲಿ ಬಿಟ್ಟಿದ್ರೋ ಅಲ್ಲಿಂದಾ ಹಿಡೀತಿದ್ರು. ಈಗ ಆರಾಮ ಅದಾರೇನ್ರಿ?"

ನಾನು ದೇವಾನಂದನ ಕಡೆ ನೋಡಿದೆ. ಅವನು ಎದುರಿನ ಹಳಿ ನೋಡುತ್ತಿದ್ದ.

"ಅದಾಳ್ರಿ," ಎಂದ.

"ಒಂದೀಟ ಕೊಡ್ರಲ್ಲ ಫೋನ್. ಮಾತಾಡ್ತೀನಿ."

"ಕೆಲಸಕ್ಕ ಹೋಗ್ಯಾಳ್ರಿ."

"ಹಂಗಾರ ನಾನಾ ಸಂಜೀಕ ಮಾಡ್ತೀನಿ," ಎಂದರು ಮುದುಕರು.

ದೇವಾನಂದ ಹೂಂ ಎಂದ. ನಾವು ಹತ್ತಬೇಕಾದ ಲೋಕಲ್ ಬಂದು ನಿಂತು, ಜನ ಇಳಿದು, ಜನ ಹತ್ತಿ, ಹೋಯಿತು. ಅವನು ಫೋನನ್ನು ಕಿವಿಯಿಂದ ತೆಗೆದಿರಲಿಲ್ಲ. ಇನ್ನೂ ಹೇಳ್ರಿ, ಮತ್ತೇನೇನು ಹಾಡ್ತಿದ್ಳು ಎಂದು ಕೇಳುತ್ತಿದ್ದ.