ಹಾಲೇಶಣ್ಣನ ದನಿ

ಹೊನ್ನಾಳಿಯಲ್ಲಿ ಮೈಕ್ ಹಾಲೇಶಣ್ಣನ ದನಿ ಕೇಳದವರಿರಲಿಲ್ಲ. ಆದರೆ ಎದುರಿಗೆ ಕೂತು ಮಾತಾಡಿದರೆ ಅವರು ಹೇಳಿದ್ದು ತಿಳಿಯಲು ಮುಂದಕ್ಕೆ ಬಾಗಬೇಕಿತ್ತು. ಆಟೋ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಊರೂರು ಸುತ್ತಿ ಪ್ರಚಾರ ಮಾಡುವುದು ಅವರ ಕಸುಬು. ಸೀರೆ ಮಾರಾಟ, ನಾಳೆ ಕರೆಂಟ್ ಇಲ್ಲ, ಕಳೆದುಹೋದ ಎಮ್ಮೆ, ತೀರಿಕೊಂಡವರ ಸುದ್ದಿ, ಎಲ್ಲವೂ ಅವರ ಬಾಯಿಂದಲೇ ಬರಬೇಕು. ಮೈಕ್ ಕೆಳಗಿಟ್ಟರೆ ಮಾತ್ರ ಬರೀ ಪಿಸುಮಾತು.

“ಗಂಟ್ಲು ಬಾಡಿಗಿಗೆ ಕೊಟ್ಟೀನಿ ತಂಗಿ, ಮನಿಗೆ ಅಂತ ಏನೂ ಉಳಿದಿಲ್ಲ” ಎನ್ನುತ್ತಿದ್ದರು.

ಮನೆಯಲ್ಲಿ ಆ ಗಂಟಲಿಗೆ ಕೆಲಸವೂ ಇರಲಿಲ್ಲ. ಮದುವೆಯಾಗದ ಮನುಷ್ಯ, ಒಂದೇ ಕೋಣೆಯ ಮನೆ.

ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲೇ ನಾನೂ ಒಬ್ಬಳೇ ಇದ್ದೇನೆ. ಗಿರಾಕಿಗಳು ಬರುತ್ತಾರೆ, “ಏನಾಗೈತೆ?” ಎಂದು ಕೇಳುತ್ತೇನೆ, “ನಾಳೆ ಬರ್ರಿ” ಎನ್ನುತ್ತೇನೆ. ದಿನಕ್ಕೆ ನನ್ನ ಮಾತು ಅಷ್ಟೇ.

ಹಾಲೇಶಣ್ಣ ಒಂದು ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. “ಕಾವಲಿ ಕಾದಂಗೆ ಕಾಯ್ತೈತೆ ತಂಗಿ. ಆಮ್ಯಾಲೆ ತಾನೇ ಆಫ್ ಆಗ್ತೈತೆ.”

ಬಿಚ್ಚಿ ನೋಡಿದೆ. ಫ್ಯಾನಿನ ತುಂಬ ದೂಳು. ತೆಗೆದು, ಒಳಗೆ ಬಿಸಿ ಎಳೆಯುವ, ಒಣಗಿದ ಪೇಸ್ಟ್ ಬದಲಿಸಿ ಸಂಜೆಯವರೆಗೂ ಓಡಿಸಿದೆ. ಬೆಚ್ಚಗೂ ಆಗಲಿಲ್ಲ. ಒಯ್ದರು. ಎರಡೇ ದಿನಕ್ಕೆ ಮತ್ತೆ ಬಂದರು, ಮತ್ತೆ ಅದೇ ದೂರು. ಫ್ಯಾನನ್ನೇ ಬದಲಿಸಿದೆ. ಅಂಗಡಿಯಲ್ಲಿ ತಣ್ಣಗಿರುವುದು ಅವರ ಮನೆಯಲ್ಲಿ ಯಾಕೆ ಸುಡುತ್ತದೆಂದು ನನಗೆ ಹೊಳೆಯಲೇ ಇಲ್ಲ. ಮೂರನೆಯ ಸಲ ಬಂದವರು ಟವೆಲ್ ಬಿಚ್ಚುವ ಮೊದಲೇ ಹೇಳಿದರು.

“ಇವತ್ತು ಮಾಡಿದ್ದೆಲ್ಲಾ ಹೋತು ತಂಗಿ. ಮತ್ತೆ ಅಷ್ಟು ಮಾತಾಡಾಕೆ ನನ್ ಕೈಲಿ ಆಗಲ್ಲ.”

“ಏನು ಮಾಡಿದ್ರಿ ಅಣ್ಣಾ?”

ಆಗ ಹೇಳಿದರು. ಗಂಟಲಲ್ಲಿ ಗಡ್ಡೆ. ದಾವಣಗೆರೆಯ ಡಾಕ್ಟರು ಬೇಗ ಆಪರೇಷನ್ ಆಗಬೇಕು ಎಂದಿದ್ದಾರೆ; ಆಮೇಲೆ ದನಿ ಇರುವುದಿಲ್ಲ. ಅದಕ್ಕೇ ಇರುವಷ್ಟು ದಿನದಲ್ಲಿ ಎಲ್ಲವನ್ನೂ ಹೇಳಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದಾರೆ. ಆಪರೇಷನ್ ಆದಮೇಲೆ ಅದನ್ನೇ ಹಾಕಿಕೊಂಡು ಆಟೋದಲ್ಲಿ ಊರೂರು ಸುತ್ತಬೇಕು.

ಅಂಗಡಿ ಬಾಗಿಲು ಎಳೆದು ಅವರ ಹಿಂದೆಯೇ ಮನೆಗೆ ಹೋದೆ. “ಹೆಂಗೆ ಮಾಡ್ತೀರೋ ಹಂಗೇ ಮಾಡಿ ತೋರಿಸ್ರಿ” ಎಂದೆ. ಕಿಟಕಿ ಮುಚ್ಚಿದರು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು, ರೆಕಾರ್ಡಿಂಗ್ ಶುರು ಮಾಡಿ, ಅದರ ಮೇಲೆ ದಪ್ಪ ಕಂಬಳಿ ಹೊದಿಸಿ, ನಾಲ್ಕೂ ಕಡೆ ಒತ್ತಿ ಸೇರಿಸಿ, ವೈರಿನ ಮೈಕನ್ನು ಕೈಗೆತ್ತಿಕೊಂಡರು.

“ಅಯ್ಯೋ ಅಣ್ಣಾ, ಇದಕ್ಕೂ ಉಸಿರು ಬ್ಯಾಡೇನ್ರಿ?”

“ಫ್ಯಾನ್ ಗುಯ್ ಅಂತೈತಲ್ಲ ತಂಗಿ. ಸತ್ತೋರ ಹೆಸರು ಹೇಳುವಾಗ ಹಿಂದೆ ಗಿರಣಿ ಓಡಿದಂಗೆ ಕೇಳಿದ್ರೆ ಛಲೋ ಇರ್ತೈತೇನು?”

ಉದ್ದದ ವೈರು ತಂದು, ಕಿಟಕಿಯ ಸಂದಿಯಿಂದ ಹಾಯಿಸಿ, ಲ್ಯಾಪ್‌ಟಾಪನ್ನು ಹೊರಗೆ ಜಗುಲಿಯ ಸ್ಟೂಲಿನ ಮೇಲಿಟ್ಟೆ. ಮೈಕು ಮಾತ್ರ ಒಳಗೆ. ಆಮೇಲೆ ಅದು ಕಾಯಲಿಲ್ಲ.

ಆ ವಾರವೆಲ್ಲ ಮಧ್ಯಾಹ್ನ ಅಂಗಡಿ ಮುಚ್ಚಿ ಅವರ ಜಗುಲಿಯಲ್ಲಿ ಕೂತೆ. ಒಳಗೆ ಅವರು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಹೇಳುತ್ತಾ ಹೋಗುತ್ತಿದ್ದರು: “ಮಹಾಜನರಲ್ಲಿ ವಿನಂತಿ.” ನ್ಯಾಮತಿ, ಚನ್ನಗಿರಿ, ನಲ್ಲೂರು, ಉಬ್ರಾಣಿ. ವಾರಗಳು, ಗಂಟೆಗಳು. ಜನರ ಹೆಸರುಗಳು: ಬಸಮ್ಮ, ರುದ್ರಪ್ಪ, ಗೌರಮ್ಮ, ಇಮಾಮ್ ಸಾಬ್. ಬೇಕಾದಾಗ ಒಂದಕ್ಕೊಂದು ಜೋಡಿಸಿಕೊಡುವುದು ನನ್ನ ಕೆಲಸ. ಬದುಕಿರುವ ಎಷ್ಟೋ ಜನರ ಹೆಸರನ್ನು ಅವರು ಸಾವಿನ ದನಿಯಲ್ಲಿ ಒಮ್ಮೆ, ಮದುವೆಯ ದನಿಯಲ್ಲಿ ಒಮ್ಮೆ ಹೇಳಿಟ್ಟರು.

ಆಪರೇಷನ್ ಆಯಿತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಅವರು ಮತ್ತೆ ಆಟೋ ಹತ್ತಿದರು. ದನಿ ಮೊದಲಿನಂತೆಯೇ ಬೀದಿ ತುಂಬುತ್ತಿತ್ತು. ಮನುಷ್ಯ ಡ್ರೈವರ್ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿರುತ್ತಿದ್ದ. ಕೆಲವು ತಿಂಗಳು ಹಾಗೇ ನಡೆಯಿತು.

ನ್ಯಾಮತಿಯಲ್ಲಿ ಒಂದು ದಿನ ನಾನೂ ಆ ಆಟೋದಲ್ಲಿದ್ದೆ. ನಲ್ಲೂರಿನ ಬಸಮ್ಮ ಎಂಬವರು ತೀರಿಕೊಂಡ ಸುದ್ದಿ. ಮುದುಕಿಯೊಬ್ಬಳು ಮನೆಯಿಂದ ಹೊರಬಂದು, ಆಟೋ ಹಿಂದೆಯೇ ಸೆರಗು ಎಳೆದುಕೊಳ್ಳುತ್ತಾ ಬಂದಳು. “ಹಾಲೇಶಪ್ಪಾ, ಯಾವ ಬಸಮ್ಮ? ಮ್ಯಾಗಳ ಓಣಿಯಾಕಿ ಏನು? ಹೇಳಪ್ಪಾ!” ಮೊದಲಾಗಿದ್ದರೆ ಅವರು ಗಾಡಿ ನಿಲ್ಲಿಸಿ, ಮೈಕಿನಲ್ಲೇ, “ಅಲ್ಲ ಯವ್ವಾ, ಗಾಬ್ರಿ ಬ್ಯಾಡ, ಬಾವಿ ಮನಿ ಬಸಮ್ಮ” ಎನ್ನುತ್ತಿದ್ದರು. ಈಗ ಅವರದೇ ದನಿ ನಿಲ್ಲದೆ, “ಅಂತ್ಯಕ್ರಿಯೆಯು ಸಂಜೆ ನಾಲ್ಕು ಗಂಟೆಗೆ” ಎನ್ನುತ್ತಿತ್ತು. ಅವರು ಇಳಿದು ಕೈಸನ್ನೆ ಮಾಡಿದರು. ಮುದುಕಿಗೆ ತಿಳಿಯಲಿಲ್ಲ. ತನ್ನವಳೇ ಎಂದುಕೊಂಡು ರಸ್ತೆಯಲ್ಲೇ ಕೂತು ಅತ್ತಳು. ಅಲ್ಲವೆಂದು ನಾನು ಇಳಿದುಬಂದು ಹೇಳಿದ ಮೇಲೆಯೇ ಸುಮ್ಮನಾದದ್ದು. ಹಾಲೇಶಣ್ಣ ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಮರುದಿನ ಧ್ವನಿವರ್ಧಕ ಬಿಚ್ಚಿಸಿದರು. ಕೆಲ ದಿನಗಳಾದ ಮೇಲೆ ಒಡಹುಟ್ಟಿದ ತಂಗಿಯ ಮನೆಗೆಂದು ಜಗಳೂರಿಗೆ ಹೋದರು.

ಮಳೆಗಾಲ ಕಳೆದ ಮೇಲೆ ನೋಡಲು ಹೋದೆ. ತಂಗಿ ಕೂಲಿಗೆ ಹೋದರೆ ಬರುವುದು ಸಂಜೆಗೆ; ಅಲ್ಲಿಯವರೆಗೆ ಮನೆಯಲ್ಲಿ ಅವರೊಬ್ಬರೇ. ತೀರ ಇಳಿದುಹೋಗಿದ್ದರು. ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು. ಅವರಿಗೆ ತಮ್ಮ ದನಿ ಕೇಳಬೇಕೆನ್ನಿಸಿದೆ ಎಂದುಕೊಂಡು ತೆರೆಯಹೋದೆ. ಅವರು ನನ್ನ ಕೈ ತಡೆದು, ಮೈಕನ್ನು ನನ್ನ ಮುಂದಿಟ್ಟರು. ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು: “ನಂದು ಕೇಳಿ ಸಾಕಾಗೈತೆ. ನೀನು ಮಾತಾಡು. ಇಟ್ಕಂತೀನಿ.”

“ನಾನೇನ್ ಮಾತಾಡ್ಲಿ ಅಣ್ಣಾ?”

ಏನಾದರೂ, ಎಂದು ಕೈ ಆಡಿಸಿದರು.

ಬಸ್ಸಿನಲ್ಲಿ ಸೀಟು ಸಿಗದಿದ್ದದ್ದು ಹೇಳಿದೆ. ಸೇತುವೆಯ ಕೆಳಗೆ ಹೊಳೆ ಇನ್ನೂ ಕೆಂಪಾಗಿಯೇ ಹರಿಯುತ್ತಿರುವುದು ಹೇಳಿದೆ. ಬೆಳಿಗ್ಗೆ ಹಾಕಿದ ಒಗ್ಗರಣೆ ಸೀದದ್ದು, ಒಬ್ಬಳಿಗೇ ಅಂತ ಮತ್ತೆ ಮಾಡದೆ ಅದನ್ನೇ ಉಂಡದ್ದು ಹೇಳಿದೆ. ಅವರು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿಲ್ಲಿಸಿದರೆ ಬೆರಳು ಆಡಿಸುತ್ತಿದ್ದರು, ಮುಂದೆ ಹೇಳು ಎಂದು. ಯಾರಿಗೂ ಹೇಳದಿದ್ದ ಎಷ್ಟೋ ಸಂಗತಿ ಹೇಳಿದೆ. ಹೊನ್ನಾಳಿ ಕಡೆಯ ಬಸ್ಸು ಹೋದದ್ದೂ ತಿಳಿಯಲಿಲ್ಲ.

ಚಳಿ ಮುಗಿಯುವ ಮೊದಲೇ ಅವರು ತೀರಿಕೊಂಡರು. ಜಗಳೂರಿನ ಆ ದಿನದಷ್ಟು ಹೊತ್ತು ನಾನು ಯಾರೆದುರಿಗೂ ಮಾತಾಡಿದ್ದಿಲ್ಲ, ಅದಕ್ಕೆ ಮುಂಚೆಯೂ, ಆಮೇಲೂ.