ಕುರ್ಚಿಯಲ್ಲಿ ಕೂತು ಹಾರಿದವನು

ಮನೆಗೆ ಬಣ್ಣ ಹೊಡೆಸುವ ಬುದ್ಧಿ ನನಗೆ ಯಾರು ಕೊಟ್ಟರೋ ಗೊತ್ತಿಲ್ಲ. ಅಟ್ಟದ ಮೇಲಿದ್ದ ಸಾಮಾನೆಲ್ಲ ನಡುಮನೆಗೆ ಇಳಿದು, ಕಾಲಿಡಲು ಜಾಗವಿಲ್ಲ. ಆ ರಾಶಿಯ ನಡುವೆ ಒಂದು ಕಬ್ಬಿಣದ ಕುರ್ಚಿ, ಹಸಿರು ಪ್ಲಾಸ್ಟಿಕ್ ವಯರಿನಲ್ಲಿ ಹೆಣೆದದ್ದು. ನಾವಿದ್ದ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದು ಕಾಲಕ್ಕೆ ಇಂಥ ಕುರ್ಚಿ ಇಲ್ಲದ ಮನೆಯೇ ಇರಲಿಲ್ಲ. ವಯರು ಅಲ್ಲಲ್ಲಿ ಕಿತ್ತು ಜೋಲಾಡುತ್ತಿತ್ತು.

"ಇದನ್ನ ಗುಜರಿಗೆ ಹಾಕ್ಬಿಡ್ಲೇನೇ?" ಎಂದು ಹೆಂಡತಿ ಸರೋಜಳನ್ನು ಕೇಳಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಬಣ್ಣದವನೂ ಬ್ರಷ್ಷು ನಿಲ್ಲಿಸಿದ.

"ಅದರಲ್ಲಿ ನನ್ ತಮ್ಮ ಕೂತಿದ್ದ. ಮರ್ತೋಯ್ತಾ ನಿಮಗೆ?"

ಮರೆಯುವುದುಂಟೇ! ಅವಳ ತಮ್ಮ, ಅಂದರೆ ನನ್ನ ಭಾಮೈದ ಮುನಿರಾಜು, ವಾಯುಪಡೆಯಲ್ಲಿ ಏರ್ ಮಾರ್ಷಲ್ ಆಗಿ ನಿವೃತ್ತನಾದವನು. ಭೂಸೇನೆಯ ಲೆಕ್ಕದಲ್ಲಿ ಲೆಫ್ಟಿನೆಂಟ್ ಜನರಲ್ಲಿಗೆ ಸಮ. ನೆಂಟರಿಗೆ ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಒಂದು ಮದುವೆಮನೆಯಲ್ಲಿ ಹಿರಿಯರೊಬ್ಬರು ಅವನ ಬೆನ್ನು ತಟ್ಟಿ, "ಮಾರ್ಷಲ್ ಆದ್ರಂತೆ, ಸಂತೋಷ ಕಣಪ್ಪ. ದೊಡ್ಡ ಪ್ಯಾಸೆಂಜರ್ ವಿಮಾನ ಯಾವಾಗ ಕೊಡ್ತಾರೆ?" ಎಂದರು. ಇವನು ನಗದೆ, "ಟ್ರೈ ಮಾಡ್ತಾ ಇದೀನಿ ಮಾಮ" ಎಂದ.

ಇನ್ನು ನನ್ನ ವಿಚಾರ ಹೇಳುವುದಾದರೆ, ನಾನು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೂತು ಸರ್ವೀಸು ಮುಗಿಸಿದವನು. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ಕೆಳಗೆ ಯಾರಾದರೂ ಅದನ್ನು ಹಿಡಿದುಕೊಂಡಿರಬೇಕು. ಇಂಥ ನನಗೆ ಇಂಥ ಭಾಮೈದ! ಅವರದು ಯಲಹಂಕದ ಪಕ್ಕದ ಕೋಗಿಲು ಎಂಬ ಊರಿನ ಹಳೆಯ ಮನೆತನ. ರಾಗಿ ಹೊಲ, ಒಂದಿಷ್ಟು ದ್ರಾಕ್ಷಿ ತೋಟ. ಯಲಹಂಕದ ವಾಯುನೆಲೆಯಿಂದ ಎದ್ದ ತರಬೇತಿ ವಿಮಾನಗಳು ಆ ಹೊಲದ ಮೇಲೇ ತಿರುಗುತ್ತಿದ್ದವಂತೆ. ಕಳೆ ಕೀಳಲು ಕೂರಿಸಿದರೆ ಹುಡುಗ ಆಕಾಶ ನೋಡುತ್ತ ಕೂರುತ್ತಿದ್ದ, ಅವನ ತಾಯಿ, ಅಂದರೆ ನನ್ನ ಅತ್ತೆ, ಹಿಂದಿನಿಂದ ಬಂದು ತಲೆಗೊಂದು ಮೊಟಕುತ್ತಿದ್ದರು. ಮೊಟಕಿದರೆ ಬಿಡುವ ಜಾತಿಯೇ ಅದು? ಪಿಯುಸಿ ಮುಗಿದದ್ದೇ ವಾಯುಪಡೆ ಸೇರುವ ಪರೀಕ್ಷೆ ಕಟ್ಟಿ ಪಾಸಾಗಿ ಹೊರಟೇಬಿಟ್ಟ.

ನಾನು ಹೇಳಹೊರಟದ್ದು ಅವನ ಪದಕಗಳ ಕಥೆಯಲ್ಲ. ಅವನಿನ್ನೂ ಸಣ್ಣ ಅಧಿಕಾರಿಯಾಗಿದ್ದಾಗ, ಉತ್ತರದ ಕಡೆ ಎಲ್ಲೋ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಅವನ ಫೈಟರ್ ವಿಮಾನದ ಎಂಜಿನ್ ನಿಂತುಹೋಯಿತು. ತಲೆಯ ಮೇಲಿನ ಹಿಡಿ ಎಳೆದ. ಎಳೆದರೆ ಸೀಟು ಮನುಷ್ಯನನ್ನು ಆಚೆ ಎಸೆಯುತ್ತದೆ, ಪ್ಯಾರಾಚೂಟು ಬಿಚ್ಚಿಕೊಳ್ಳುತ್ತದೆ. ಜೀವ ಉಳಿಯಿತು. ಆದರೆ ಎಸೆದ ರಭಸಕ್ಕೆ ಬೆನ್ನುಮೂಳೆ ಜಜ್ಜಿತ್ತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ವಾಯುಪಡೆಯ ಡಾಕ್ಟರುಗಳು ಹತ್ತಿರವಿರಲಿ ಎಂದು ನಮ್ಮ ಕ್ವಾರ್ಟರ್ಸಿಗೆ ಬಂದ. ಎದೆಯಿಂದ ಸೊಂಟದವರೆಗೆ ಗಟ್ಟಿ ಪಟ್ಟಿ. ಕೆಲವು ತಿಂಗಳು ಕಳೆದು ವೈದ್ಯಕೀಯ ಮಂಡಳಿ ಕೂರುತ್ತದೆ, ಮತ್ತೆ ವಿಮಾನ ಹಾರಿಸಬಹುದೋ ಇಲ್ಲವೋ ಅಲ್ಲಿ ತೀರ್ಮಾನ.

ಅತ್ತೆಯ ತೀರ್ಮಾನ ಅದಕ್ಕೂ ಮೊದಲೇ ಆಗಿತ್ತು. ಕೋಗಿಲಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದಿಳಿದವರೇ, "ಸಾಕು. ಇನ್ಮ್ಯಾಕೆ ನೀನು ನೆಲದ್ ಮ್ಯಾಗಿರ್ಬೇಕು" ಎಂದರು. ನಾನು ಅವರ ಪಕ್ಷ. "ಆಫೀಸ್ ಕೆಲ್ಸ ತಗೊಳ್ಳೋ. ಫ್ಯಾನ್ ಇರುತ್ತೆ, ಹೊತ್ಹೊತ್ತಿಗೆ ಟೀ ಬರುತ್ತೆ. ನಾವೆಲ್ಲ ಬದುಕಿಲ್ವಾ?" ಎಂದು ನನ್ನನ್ನೇ ಮಾದರಿಯಾಗಿ ತೋರಿಸಿದೆ. ಅವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿದ.

ಆಗ ಶುರುವಾಯಿತು ಕುರ್ಚಿಯ ಪುರಾಣ. ಬೆಳಗಾದರೆ ಪಟ್ಟಿ ಬಿಗಿದುಕೊಂಡು ಕ್ವಾರ್ಟರ್ಸು ಸುತ್ತಿ ಬರುವನು. ನೋವಿಗೆ ಮುಖ ಬೆಳ್ಳಗಾಗಿರುತ್ತಿತ್ತು, ಕೈ ಕೊಡಲು ಹೋದರೆ ಸಿಡುಕುತ್ತಿದ್ದ. ಬಂದವನು ವರಾಂಡದ ಈ ಹಸಿರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವನು. ಎಡಗೈ ಏನನ್ನೋ ಮುಂದಕ್ಕೆ ತಳ್ಳುವುದು, ಬಲಗೈ ಮಂಡಿಗಳ ನಡುವೆ ಇಲ್ಲದ ಕೋಲೊಂದನ್ನು ಹಿಡಿಯುವುದು, ಪಾದಗಳು ಒಂದೊಂದಾಗಿ ಒತ್ತುವುದು. ಬಾಯಲ್ಲಿ ಇಂಗ್ಲಿಷಿನ ಗೊಣಗಾಟ. ಹಣೆಯಲ್ಲಿ ಬೆವರು. ಕೊನೆಗೆ ಎರಡೂ ಕೈ ತಲೆಯ ಮೇಲೆ ಹೋಗಿ, ಏನನ್ನೋ ಮುಖದ ಮುಂದಕ್ಕೆ ಎಳೆದುಕೊಳ್ಳುತ್ತಿದ್ದವು. ಆಮೇಲೆ ಮುಖ ಒರೆಸಿಕೊಂಡು ಮತ್ತೆ ಮೊದಲಿಂದ. ಏನೋ ಅದು ಎಂದರೆ, "ಏನಿಲ್ಲ ಭಾವ, ಸುಮ್ನೆ."

ಸುಮ್ಮನೆ ಯಾರಾದರೂ ಹೀಗೆ ಮಾಡುತ್ತಾರೆಯೇ? ಪಕ್ಕದ ಮನೆಯವರು ಬಾಗಿಲು ಓರೆ ಮಾಡಿ ನೋಡತೊಡಗಿದರು. ಅತ್ತೆಗೆ ಅನುಮಾನವೇ ಉಳಿಯಲಿಲ್ಲ. "ಬಿದ್ ಜಾಗ್ದಾಗೆ ಏನೋ ಮೆಟ್ಕಂಡದೆ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ತಾಯತವನ್ನು ತೋಳಿಗೆ ಕಟ್ಟಲು ಅವನು ಬಿಡದಿದ್ದಾಗ ಕುರ್ಚಿಯ ಕಾಲಿಗೆ ಕಟ್ಟಿದರು. ನಿಜ ಹೇಳಬೇಕೆಂದರೆ, ಗಂಟು ಬಿಗಿಯಾಗಲಿ ಎಂದು ದಾರದ ಮೇಲೆ ಬೆರಳಿಟ್ಟು ಹಿಡಿದವನು ನಾನೇ.

ಹೀಗಿರುವಾಗ ಒಂದು ಭಾನುವಾರ ಅವನ ಮೇಲಧಿಕಾರಿ ನೋಡಲು ಬಂದರು. ಧಾರವಾಡದ ಕಡೆಯವರು, ಎತ್ತರದ ಆಳು, ಗಟ್ಟಿ ದನಿ. ಸರೋಜ ಕೊಟ್ಟ ಕಾಫಿ ಕುಡಿಯುತ್ತ ವಿಷಯಕ್ಕೆ ಬಂದರು. ದಿಲ್ಲಿಯ ಕೇಂದ್ರ ಕಚೇರಿಯಲ್ಲಿ ಒಳ್ಳೆಯ ಜಾಗ ಖಾಲಿಯಿದೆ, ಈಗ ಒಪ್ಪಿದರೆ ಇವನಿಗೇ. ಮಂಡಳಿಗೆ ಕಾದು, ಅಲ್ಲಿ ಆಗದು ಎಂದರೆ ಅದೂ ಇಲ್ಲ, ಇದೂ ಇಲ್ಲ.

ಮುನಿರಾಜು ಬಾಯಿ ತೆರೆಯುವ ಮೊದಲೇ ಅತ್ತೆ ಅಡುಗೆಮನೆಯಿಂದ ಬಂದು ಕೈಮುಗಿದರು. "ಸಾಮಿ, ನಮ್ ಮುನಿಗೆ ತಲೆ ನೆಟ್ಟಗಿಲ್ಲ. ಒಬ್ಬನೇ ಕುಂತ್ಕಂಡು ಕೈ ಕಾಲ್ ಆಡಿಸ್ತಾನೆ. ಇವನ್ ಕೈಗೆ ಇಮಾನ ಕೊಡ್ಬ್ಯಾಡಿ!"

"ಅಮ್ಮಾ!" ಎಂದು ಇವನು ಕೂಗಿದ.

"ನೀ ಸುಮ್ಕಿರು" ಎಂದ ಅಧಿಕಾರಿ ಅತ್ತೆಯ ಕಡೆ ತಿರುಗಿದರು. "ಏನ್ ಮಾಡ್ತಾನ್ರಿ ಅವ್ವಾರ? ತೋರಸ್ರಿ ನೋಡೋಣು."

ಅತ್ತೆ ತೋರಿಸಿಯೇ ಬಿಟ್ಟರು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಸಿರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದರು. ದಿನವೂ ಕಿಟಕಿಯ ಸಂದಿನಿಂದ ನೋಡಿ ನೋಡಿ ಎಲ್ಲವೂ ಬಾಯಿಪಾಠವಾಗಿತ್ತು. ಎಡಗೈ ತಳ್ಳಿತು, ಬಲಗೈ ಹಿಡಿಯಿತು, ಕಾಲುಂಗುರದ ಪಾದಗಳು ಒತ್ತಿದವು. ನನಗೆ ನಗು ತಡೆಯಲಾಗಲಿಲ್ಲ. ಅಧಿಕಾರಿಯೂ ಮೊದಲು ನಕ್ಕರು. "ಭೇಷ್! ಎಂಜಿನ್ ಚಾಲೂ ಆತು. ಈಗ ನೆಲಾ ಬಿಟ್ರಿ. ಚಕ್ರಾ ಮ್ಯಾಲೆ ತಗೊಂಡ್ರಿ..." ಎನ್ನುತ್ತಿದ್ದವರು ಅತ್ತೆಯ ಎಡಗೈ ಹಿಂದಕ್ಕೂ ಮುಂದಕ್ಕೂ ಹೋಗತೊಡಗಿದಾಗ ಮಾತು ನಿಲ್ಲಿಸಿದರು. ಎಂಜಿನ್ ನಿಂತಿತ್ತು. ಅತ್ತೆ ಬಲಗಡೆ ಏನನ್ನೋ ಅದುಮಿದರು, ಮತ್ತೆ ಅದುಮಿದರು, ಆಮೇಲೆ ಎರಡೂ ಕೈ ತಲೆಯ ಮೇಲೆತ್ತಿ ಮುಖದ ಮುಂದೆ ಎಳೆದುಕೊಂಡರು. ಆ ತಾಯಿಗೆ ತಾನೇನು ಮಾಡಿದೆ ಎಂಬುದೇ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಅದು ಮಗ ಅವತ್ತು ವಿಮಾನದಲ್ಲಿ ತಲೆಯ ಮೇಲಿಂದ ಎಳೆದ ಹಿಡಿ.

"ವಿಮಾನಾ ಉಳಸಾಕ ಬರ್ತಿತ್ತೇನು?" ಎಂದು ಅಧಿಕಾರಿ ಮೆಲ್ಲಗೆ ಇವನನ್ನು ಕೇಳಿದರು.

"ಇಲ್ಲ ಸರ್. ಎಲ್ಲಾ ಥರಾನೂ ಮಾಡಿ ನೋಡ್ದೆ. ಉಳೀತಿರ್ಲಿಲ್ಲ."

"ಮತ್ತ ಇನ್ನೂ ಯಾಕ ಮಾಡಾಕತ್ತೀ?"

"ಮುಂದಿನ್ ಸಲ ಕೈ ನಡುಗ್ಬಾರ್ದು ಸರ್."

ಆಮೇಲೆ ತಿಳಿಯಿತು, ಪೈಲಟ್ಟುಗಳೆಲ್ಲ ಕಲಿಯುವಾಗ ಹೀಗೇ ಕುರ್ಚಿಯಲ್ಲಿ ಕೂತು ಅಭ್ಯಾಸ ಮಾಡುತ್ತಾರಂತೆ. ಮತ್ತೆ ಹಾರಲು ತಯಾರಾಗುತ್ತಿದ್ದೇನೆಂದು ಗೊತ್ತಾದರೆ ಅಮ್ಮ ಅತ್ತಾಳೆಂದು ಇವನು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಅಧಿಕಾರಿ ಎದ್ದು ನಿಂತರು. "ಅವ್ವಾ, ನಿಮ್ಮ ಮಗನ್ನ ಕುಂಡ್ರಸಾಕಂತ ಬಂದಿದ್ದೆ. ಇವ ಕುಂತಲ್ಲೇ ಹಾರಾಕತ್ತಾನ. ನಾ ಏನ್ ಮಾಡ್ಲಿ?" ಎಂದರು. ದಿಲ್ಲಿಯ ಮಾತು ಮತ್ತೆ ಎತ್ತಲಿಲ್ಲ.

ಅತ್ತೆ ಮಗನನ್ನು ಹಿಡಿದಿಡಲು ಹೋಗಿ ತಮ್ಮ ಕೈಯಾರೆ ಬಿಟ್ಟುಕೊಟ್ಟಿದ್ದರು. ಮರುದಿನ ಬೆಳಗ್ಗೆ ಅವನು ಕುರ್ಚಿ ಎಳೆದುಕೊಂಡಾಗ ರಾಗಿ ಗಂಜಿಯ ಲೋಟ ತಂದು ಅವನ ಮುಂದೆ ಕುಕ್ಕಿದರು. "ಮದ್ಲು ಇದ್ ಕುಡಿ. ಆಮ್ಯಾಕೆ ಕುತ್ಕ. ಮಾಡದಾದ್ರೆ ಸರ್ಯಾಗ್ ಮಾಡು." ಅಂದಿನಿಂದ ಅವರು ಕಿಟಕಿ ಬಿಟ್ಟು ವರಾಂಡಕ್ಕೇ ಬಂದು ಅವನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು.

ಮಂಡಳಿಯ ದಿನ ಆಸ್ಪತ್ರೆಯ ಹೊರಗೆ ಕಾಯುತ್ತಿದ್ದವನು ನಾನು. ಹೊರಗೆ ಬಂದವನು "ಕೊಟ್ರು ಭಾವ" ಎಂದ, ಅಷ್ಟೇ. ನಾನು ಅಲ್ಲೇ, ನಾಲ್ಕು ಜನರ ಎದುರಿಗೆ, ಗಳಗಳ ಅತ್ತುಬಿಟ್ಟೆ. ಮತ್ತೆ ಹಾರಿದ. ಸ್ಕ್ವಾಡ್ರನ್ ನಡೆಸಿದ, ವಾಯುನೆಲೆ ನಡೆಸಿದ, ಭುಜದ ಪಟ್ಟಿಗಳು ಅಗಲವಾಗುತ್ತ ಹೋದವು. ಅವನ ಕಾರಿನ ಮುಂದೆ ನಕ್ಷತ್ರದ ಫಲಕ ಬಂದಾಗ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ನಾನೇ ಮೊದಲಿಗ. ನಿವೃತ್ತನಾದ ಮೇಲೆ ಕೋಗಿಲಿನ ಹಳೆಯ ಜಾಗದಲ್ಲೇ ಮನೆ ಕಟ್ಟಿ, ತಾಯಿಯನ್ನು ಜೊತೆಗಿಟ್ಟುಕೊಂಡಿದ್ದಾನೆ.

ಬಣ್ಣದ ವಾಸನೆ ನನಗೆ ಆಗದೆಂದು ಈಗ ನಾವೂ ಕೆಲವು ದಿನಕ್ಕೆ ಅಲ್ಲೇ ಠಿಕಾಣಿ ಹೂಡಿದ್ದೇವೆ. ಇವತ್ತು ಬೆಳಗ್ಗೆ ತಾರಸಿಯಲ್ಲಿ ಅತ್ತೆ, ಮುನಿರಾಜು, ನಾನು ಮೂವರೂ ಬಿಸಿಲು ಕಾಯಿಸುತ್ತಿದ್ದೆವು. ಯಲಹಂಕದ ಕಡೆಯಿಂದ ಒಂದು ಜೆಟ್ಟು ಎದೆ ನಡುಗಿಸುವಂತೆ ಮೇಲೆದ್ದಿತು. "ಥೂ, ಪೇಪರ್ ಓದಕ್ಕೂ ಬಿಡಲ್ಲ ಇವರು" ಎಂದು ನಾನು ಗೊಣಗಿದೆ. ಸರಿಯಾಗಿ ಕಣ್ಣು ಕಾಣದ, ಬೆನ್ನು ಬಾಗಿದ ಅತ್ತೆ ಗೋಡೆ ಹಿಡಿದು ಎದ್ದು ನಿಂತರು, ಸದ್ದಿನ ಕಡೆ ಮುಖ ಮಾಡಿ.

"ಅಮ್ಮಾ, ಕೂತ್ಕೊ. ನಾನ್ ಇಲ್ಲೇ ಇದೀನಲ್ಲ" ಎಂದ ಏರ್ ಮಾರ್ಷಲ್.

"ನೀನ್ ಇಲ್ಲಿದ್ದೀಯ, ಸರಿ" ಎಂದರು ಅತ್ತೆ. "ಅದ್ರೊಳ್ಗಿರಾದು ಯಾರ್ ಮಗನೋ?"

ಮುನಿರಾಜು ಎದ್ದು ತಾಯಿಯ ಪಕ್ಕ ನಿಂತ. ನಾನೂ ಪೇಪರು ಮಡಿಸಿಟ್ಟು, ಮಂಡಿ ಹಿಡಿದುಕೊಂಡು ಎದ್ದೆ. ಸದ್ದು ಒಂದು ಸುತ್ತು ಹಾಕಿ, ತಗ್ಗಿ, ಯಲಹಂಕದ ಕಡೆ ಪೂರ್ತಿ ಅಡಗುವವರೆಗೆ ಮೂವರೂ ಹಾಗೇ ನಿಂತಿದ್ದೆವು.

"ಇಳೀತು" ಎಂದರು ಅತ್ತೆ. "ಈಗ ಕುತ್ಕಳಿ."